ವಿಯೆಟ್ನಾಂ, ನಮ್ಮ ಕಾಫಿ ಕಣ ಮತ್ತು ಹಿತ್ತಲ ಕಡೆಯ ಕೋಣೆಗಳು

ಮೂಡಿಗೆರೆ ತಾಲ್ಲೂಕಿನಲ್ಲಿ ಈಗ ಹೋಂಸ್ಟೇ ಫಲಕವಿಲ್ಲದ ರಸ್ತೆ ತಿರುವು ಹುಡುಕಿದರೂ ಸಿಗುವುದಿಲ್ಲ. ನಾನು ಮದುವೆಯಾಗಿ ಬಂದ ಕಾಲದಲ್ಲಿ, ಮನೆಗೆ ಬಂದವರಿಗೆ ಊಟ ಹಾಕಿ ದುಡ್ಡು ತೆಗೆದುಕೊಳ್ಳುವುದೆಂದರೆ ನೆಂಟರಿಷ್ಟರ ಎದುರು ತಲೆ ತಗ್ಗಿಸುವ ಸಂಗತಿಯಾಗಿತ್ತು. ‘ಹೋಟೆಲು ಇಟ್ಟರಂತೆ’ ಎನ್ನಿಸಿಕೊಳ್ಳುವುದಕ್ಕಿಂತ ತೋಟ ಅಡವಿಡುವುದೇ ಮೇಲು ಎನ್ನುತ್ತಿದ್ದರು ನಮ್ಮ ಅತ್ತೆ. ತೋಟ ಅಡವಿಟ್ಟದ್ದೂ ಆಯಿತು, ಆಮೇಲೆ ಹೋಟೆಲು ಇಟ್ಟದ್ದೂ ಆಯಿತು.

ಆರ್ಥಿಕ ಹಿಂಜರಿತ ಬಂದರೆ ಜನ ಪ್ರವಾಸ ನಿಲ್ಲಿಸುತ್ತಾರೆ ಎಂದು ಪತ್ರಿಕೆಯವರು ಬರೆಯುತ್ತಾರೆ. ಹೌದಿರಬಹುದು. ಆದರೆ ನಾನು ಈ ವ್ಯಾಪಾರವನ್ನು ನೋಡುವುದು ಅಡುಗೆಮನೆಯ ಕಡೆಯಿಂದ. ಎಷ್ಟು ಸೇರು ಅಕ್ಕಿ ನೆನೆಹಾಕಬೇಕು, ಎಷ್ಟು ಕಡುಬು ಕಟ್ಟಬೇಕು, ಹಾಲಿನವನಿಗೆ ಏನು ಹೇಳಬೇಕು ಎಂಬ ಲೆಕ್ಕದಲ್ಲಿ ನನಗೆ ಕಂಡದ್ದು ಬೇರೆ. ಕೈ ಬಿಗಿಯಾದಾಗ ಜನ ಮನೆಯಲ್ಲಿ ಕೂರುವುದಿಲ್ಲ. ಹತ್ತಿರದ ಊರಿಗೆ ಹೋಗುತ್ತಾರೆ, ಕಡಿಮೆ ರಾತ್ರಿ ತಂಗುತ್ತಾರೆ, ಕೊನೆಯ ಗಳಿಗೆಯಲ್ಲಿ ಫೋನು ಮಾಡುತ್ತಾರೆ. ಅವರು ಖರ್ಚು ಮಾಡುವ ಹಣವೂ ಬೇರೆ ಜೇಬುಗಳಿಗೆ ಹೋಗುತ್ತದೆ. ಇನ್ನೊಂದು ಮಾತು ಯಾರೂ ಬರೆಯುವುದಿಲ್ಲ: ನಮ್ಮ ಕಡೆ ಹೋಂಸ್ಟೇ ಎಂಬುದು ಹುಟ್ಟಿದ್ದೇ ಹಿಂಜರಿತದ ಹೊಟ್ಟೆಯಲ್ಲಿ. ಅದು ಪಟ್ಟಣದವರ ಹಿಂಜರಿತವಲ್ಲ, ಕಾಫಿಯದು.

1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಗಿಡಗಳು ಕರಕಲಾದವು. ಇಲ್ಲಿ ಅದೇ ಹೊತ್ತಿಗೆ ಎಲ್ಲರ ಕಾಫಿಯನ್ನೂ ತಾನೇ ಒಟ್ಟುಮಾಡಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲಿನ ಹಿಡಿತ ಸಡಿಲವಾಗಿ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರಬಹುದಾಗಿತ್ತು. ಮಂಡಳಿಯಿಂದ ಕಂತು ಕಂತಾಗಿ ಬರುತ್ತಿದ್ದ ಹಣಕ್ಕೆ ಕಾಯುತ್ತಿದ್ದವರ ಕೈಯಲ್ಲಿ ಒಮ್ಮೆಗೇ ನೋಟಿನ ಕಟ್ಟು. ಹೊಸ ಜೀಪು ಬಂತು, ಹಂಚು ತೆಗೆದು ತಾರಸಿ ಹಾಕಿದರು, ಮದುವೆಗಳಿಗೆ ಬೆಂಗಳೂರಿನಿಂದ ಅಡುಗೆಯವರು ಬಂದರು. ನಾವೂ ಮನೆಯ ಹಿತ್ತಲ ಕಡೆಗೆ ಎರಡು ದೊಡ್ಡ ಕೋಣೆ ಕಟ್ಟಿಸಿದೆವು, ಮೈದುನರ ಸಂಸಾರಕ್ಕೆಂದು. ಅವರು ಮಂಗಳೂರಿನಲ್ಲೇ ನೆಲೆಸಿದರು.

ಆಮೇಲೆ ಬೆಲೆ ಇಳಿಯತೊಡಗಿತು. 2001–02ರ ಹೊತ್ತಿಗೆ ಜಾಗತಿಕ ಮಾರುಕಟ್ಟೆಯಲ್ಲಿ ಕಾಫಿಯ ಸರಾಸರಿ ದರ ಒಂದು ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಹೋಯಿತು. ಕೊಯ್ಲಿನ ಕೂಲಿ ಕೊಟ್ಟರೆ ಗೊಬ್ಬರಕ್ಕಿಲ್ಲ, ಗೊಬ್ಬರ ಹಾಕಿದರೆ ಬ್ಯಾಂಕಿಗಿಲ್ಲ. ಬೆಳೆಗಾರರ ಸಂಘದ ಸಭೆಗಳಲ್ಲಿ ಮೊದಲ ಬಾರಿಗೆ ವಿಯೆಟ್ನಾಂ ಹೆಸರು ಕೇಳಿದೆವು. ಅಲ್ಲಿಯವರೆಗೆ ಅದು ನಮಗೆ ಯುದ್ಧ ನಡೆದ ದೇಶ, ಅಷ್ಟೇ. ಒಂದೇ ದಶಕದಲ್ಲಿ ಆ ದೇಶ ರೋಬಸ್ಟಾ ಎಂಬ ಬಗೆಯ ಕಾಫಿ ಬೆಳೆದೂ ಬೆಳೆದೂ ಬ್ರೆಜಿಲ್‌ನ ನಂತರದ ಎರಡನೇ ಸ್ಥಾನಕ್ಕೆ ಬಂದಿತ್ತು. ನಮ್ಮ ಯಜಮಾನರು ಮಗನ ಶಾಲೆಯ ಭೂಪಟ ತೆಗೆದು ಅದು ಎಲ್ಲಿದೆ ಎಂದು ಹುಡುಕಿದ್ದರು. ಈ ವಿಯೆಟ್ನಾಂ ಹೆಸರನ್ನು ನೆನಪಿಟ್ಟುಕೊಳ್ಳಿ. ಇದೇ ಕತೆಯಲ್ಲಿ ಅದು ಮತ್ತೆರಡು ಸಲ ಬರುತ್ತದೆ.

ಖಾಲಿ ಬಿದ್ದಿದ್ದ ಆ ಎರಡು ಕೋಣೆಗಳಿಗೆ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರನ್ನು ಕಳಿಸಿದವರು ಯಜಮಾನರ ಹಳೆಯ ಸಹಪಾಠಿ. ಬಂದವರು ಹಂಡೆ ಒಲೆಯ ಬಿಸಿನೀರು ಕಂಡು ಕುಣಿದಾಡಿದರು. ಗೀಸರ್ ಇಲ್ಲವಲ್ಲ ಎಂದು ನಾವು ಹಿಂದಿನ ರಾತ್ರಿಯೆಲ್ಲ ಸಂಕೋಚಪಟ್ಟಿದ್ದೆವು. ಹೋಗುವಾಗ ಅವರು ಲಕೋಟೆಯಲ್ಲಿಟ್ಟ ಹಣವನ್ನು ಅತ್ತೆಯವರ ಕೈಗೇ ಕೊಟ್ಟು ಕಾಲಿಗೆ ಬಿದ್ದರು. ಅತ್ತೆ ಲಕೋಟೆ ಬಿಚ್ಚಿ ಎಣಿಸಿ, ದೇವರ ಮುಂದಿಟ್ಟು, ಮಾತಿಲ್ಲದೆ ಒಳಗೆ ಹೋದರು. ಮುಂದಿನ ವಾರ ಅವರೇ ಕೇಳಿದರು: “ಮತ್ತೆ ಯಾರೂ ಬರುವುದಿಲ್ಲವಾ?”

ಕೊಡಗಿನಲ್ಲೂ ಚಿಕ್ಕಮಗಳೂರಿನಲ್ಲೂ ಸಕಲೇಶಪುರದ ಕಡೆಯೂ ಆ ವರ್ಷಗಳಲ್ಲಿ ಬಾಗಿಲು ತೆರೆದ ಮನೆಗಳಲ್ಲಿ ಹೆಚ್ಚಿನವುಗಳ ಕತೆ ಇದೇ. ‘ಮಲೆನಾಡಿನ ಆತಿಥ್ಯ ಪರಂಪರೆ’ ಎಂದು ಜಾಲತಾಣಗಳಲ್ಲಿ ಬರೆದುಕೊಂಡಿದ್ದೇವೆ, ನಾನೂ ಬರೆದಿದ್ದೇನೆ. ಪರಂಪರೆ ಇದ್ದದ್ದು ನಿಜ. ಅದಕ್ಕೆ ದರಪಟ್ಟಿ ಹಾಕಿಸಿದ್ದು ಕಾಫಿಯ ದರ.

ಪಟ್ಟಣದವರ ಹಿಂಜರಿತವನ್ನು ನಾವು ಮೊದಲು ಹತ್ತಿರದಿಂದ ಕಂಡದ್ದು 2008ರ ಕೊನೆಗೆ. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು, ನವೆಂಬರ್‌ನಲ್ಲಿ ಮುಂಬೈ ದಾಳಿ, ಜನವರಿಯಲ್ಲಿ ಸತ್ಯಂ ಎಂಬ ಐಟಿ ಕಂಪನಿಯ ಹಗರಣ. ನಮ್ಮ ಅತಿಥಿಗಳಲ್ಲಿ ಮುಕ್ಕಾಲು ಪಾಲು ಐಟಿಯವರು. ಮುಗಿಯಿತು, ಕೋಣೆಗಳಲ್ಲಿ ಮೆಣಸು ಹರವಬೇಕಷ್ಟೇ ಎಂದುಕೊಂಡೆವು. ಆದರೆ ಆ ಬೇಸಿಗೆಯಲ್ಲಿ ಬಂದಷ್ಟು ಜನ ಅದಕ್ಕೆ ಮೊದಲು ಬಂದಿರಲಿಲ್ಲ. ಸಂಬಳ ಹೆಚ್ಚಳ ನಿಂತಿತ್ತು, ಬೋನಸ್ ಇರಲಿಲ್ಲ, 2008ರ ಮೊದಲಿಗೆ 40 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರ್ ಮರುವರ್ಷದ ಮಾರ್ಚ್ ಹೊತ್ತಿಗೆ 50 ದಾಟಿತ್ತು. ಮಲೇಷ್ಯಾ, ಸಿಂಗಪುರಕ್ಕೆಂದು ಎತ್ತಿಟ್ಟ ರಜೆ ಇತ್ತು, ಹಣ ಇರಲಿಲ್ಲ. ಮಕ್ಕಳಿಗೆ ಕೊಟ್ಟ ಮಾತು ಬಾಕಿ ಇತ್ತು. ಹಾಗಾಗಿ ಬೇಲೂರು, ಹಳೇಬೀಡು ನೋಡಿಕೊಂಡು ನಮ್ಮಲ್ಲಿಗೆ ಬಂದರು.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಭಾರತಕ್ಕೆ ಬಂದ ವಿದೇಶಿ ಪ್ರವಾಸಿಗರು 2008ರಲ್ಲಿ ಸುಮಾರು 52.8 ಲಕ್ಷ, 2009ರಲ್ಲಿ 51.7 ಲಕ್ಷ. ದೇಶದೊಳಗಿನ ಪ್ರವಾಸಿ ಭೇಟಿಗಳು ಅದೇ ಅವಧಿಯಲ್ಲಿ 56 ಕೋಟಿಯಿಂದ 66 ಕೋಟಿ ದಾಟಿದವು. ಇವು ಭೇಟಿಗಳ ಲೆಕ್ಕ, ತಲೆಗಳದ್ದಲ್ಲ. ಒಬ್ಬನೇ ನಾಲ್ಕು ಕಡೆ ಹೋದರೆ ನಾಲ್ಕು. ಆದರೂ ಗಾಳಿ ಯಾವ ಕಡೆಗೆ ಬೀಸುತ್ತಿತ್ತು ಎನ್ನುವುದು ತಿಳಿಯುತ್ತದೆ.

ಅದೇ ವರ್ಷ ಬೇಲೂರಿನಲ್ಲಿ ನಮಗೆ ಪರಿಚಯದ ಮಾರ್ಗದರ್ಶಿಯೊಬ್ಬರು ಮಧ್ಯಾಹ್ನದ ಹೊತ್ತು ದೇವಸ್ಥಾನದ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅವರು ಫ್ರೆಂಚ್ ಕಲಿತವರು. ಗೋಲ್ಡನ್ ಚಾರಿಯಟ್ ಐಷಾರಾಮಿ ರೈಲು ಓಡತೊಡಗಿದ್ದು 2008ರಲ್ಲೇ. ಅದರಲ್ಲಿ ಬರುವ ವಿದೇಶಿಯರನ್ನು ನಂಬಿ ಅವರು ಶಿಲಾಬಾಲಿಕೆಯರ ಕತೆಯನ್ನು ಆ ಭಾಷೆಯಲ್ಲಿ ಬಾಯಿಪಾಠ ಮಾಡಿಟ್ಟುಕೊಂಡಿದ್ದರು. ಕನ್ನಡದ ಕುಟುಂಬಗಳು ಬಸ್ಸುಗಟ್ಟಲೆ ಬರುತ್ತಿದ್ದವು. ಆದರೆ ನಮ್ಮವರಲ್ಲಿ ಮಾರ್ಗದರ್ಶಿಗೆ ದುಡ್ಡು ಕೊಡುವವರು ಎಷ್ಟು ಜನ? ಪಕ್ಕದ ಗುಂಪಿಗೆ ಹೇಳುವುದನ್ನು ಕಿವಿಗೊಟ್ಟು ಕೇಳಿಕೊಂಡು ಮುಂದೆ ಹೋಗುತ್ತೇವೆ. ಅಂಗಳ ತುಂಬಿತ್ತು, ಅವರ ಜೇಬು ಖಾಲಿ. ‘ಪ್ರವಾಸಿಗರ ಸಂಖ್ಯೆ ಏರಿಕೆ’ ಎಂಬ ತಲೆಬರಹ ಕಂಡಾಗಲೆಲ್ಲ ನನಗೆ ಅವರು ನೆನಪಾಗುತ್ತಾರೆ.

ಹಣ ಬಿಗಿಯಾಗಿರುವ ಕಾಲವನ್ನು ಫೋನಿನಲ್ಲೇ ಗುರುತಿಸಬಹುದು. ಒಳ್ಳೆಯ ಕಾಲದಲ್ಲಿ ಕೇಳುವ ಪ್ರಶ್ನೆ: ಏನೇನು ನೋಡಬಹುದು, ಊಟಕ್ಕೆ ಏನು ವಿಶೇಷ? ಬಿಗಿ ಕಾಲದಲ್ಲಿ: ಐದು ವರ್ಷದ ಮಗುವಿಗೆ ಅರ್ಧವೇ? ಚಾಲಕನ ಊಟ ಸೇರಿದೆಯೇ? ಬೆಳಿಗ್ಗೆ ಏಳಕ್ಕೇ ಬಂದರೆ ಆ ದಿನದ ತಿಂಡಿ ಸಿಗುತ್ತದೆಯೇ? ಮೂರು ಜನರ ಕೋಣೆಯಲ್ಲಿ ಐದು ಜನ ನೆಲದ ಮೇಲೆ ಮಲಗಿದರೆ ನಡೆಯುತ್ತದೆಯೇ? ಭಾನುವಾರ ರಾತ್ರಿ ತಂಗುವವರು ಮೊದಲು ಮಾಯವಾಗುತ್ತಾರೆ, ಆಮೇಲೆ ಶುಕ್ರವಾರ ರಾತ್ರಿಯವರು. ಉಳಿಯುವುದು ಶನಿವಾರವೊಂದೇ. ತಿಂಗಳ ಮೊದಲೇ ಕಾಯ್ದಿರಿಸುತ್ತಿದ್ದವರು ಗುರುವಾರ ರಾತ್ರಿ ಹತ್ತು ಗಂಟೆಗೆ ಸಂದೇಶ ಕಳಿಸುತ್ತಾರೆ. ಟ್ಯಾಕ್ಸಿಯಲ್ಲಿ ಬರುತ್ತಿದ್ದವರು ಸ್ವಂತ ಕಾರಿನಲ್ಲಿ ಬರುತ್ತಾರೆ. ಚಾಲಕರ ಕೋಣೆಯಲ್ಲಿ ನಾನು ಹಾಸಿಗೆ ಸುತ್ತಿಡುತ್ತೇನೆ.

ನೋಟು ರದ್ದತಿಯ ಕಾಲ ಇದಕ್ಕೆ ತದ್ವಿರುದ್ಧ. 2016ರ ನವೆಂಬರ್ 8, ಅರೇಬಿಕಾ ಕಾಫಿಯ ಕೊಯ್ಲು ಶುರುವಾಗುವ ಹೊತ್ತು. ವಾರದ ಬಟವಾಡೆಗೆ ನೋಟಿಲ್ಲ. ಅತಿಥಿಗಳ ಬಳಿ ಖಾತೆಯಲ್ಲಿ ಹಣ ಇತ್ತು, ಕೈಯಲ್ಲಿ ಇರಲಿಲ್ಲ. ನಮಗೋ ಕೈಯಲ್ಲೇ ಬೇಕಿತ್ತು. ಕೆಲವರು ನೂರರ ನೋಟು ಹೊಂದಿಸಿ ತಂದಾಗ ಅವರಿಗೆ ಒಂದು ಊಟ ಹೆಚ್ಚು ಬಡಿಸಿದ್ದೇನೆ ಎಂದರೆ ನಗಬೇಡಿ.

2019ರ ಆಗಸ್ಟ್ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ನಮ್ಮ ತಾಲ್ಲೂಕಿನ ಮಲೆಮನೆಯ ಕಡೆ ಗುಡ್ಡಗಳು ಜಾರಿ ಮನೆ, ತೋಟ ಕೊಚ್ಚಿಹೋದವು. ಚಾರ್ಮಾಡಿ ಘಾಟಿ ಮುಚ್ಚಿತು. ಅದರ ಹಿಂದಿನ ವರ್ಷ ಕೊಡಗಿನಲ್ಲಿ ಅದೇ ಆಗಿತ್ತು. ರೋಬಸ್ಟಾ, ಮೆಣಸು ಎರಡರ ದರವೂ ಆಗ ನೆಲ ಹಿಡಿದಿದ್ದವು. ಟಿವಿಯಲ್ಲಿ ಒಂದೇ ಗುಡ್ಡವನ್ನು ದಿನವಿಡೀ ತೋರಿಸಿದ್ದರಿಂದ, ಎಲೆಯೂ ಅಲುಗಾಡದ ಊರುಗಳಿಗೂ ತಿಂಗಳುಗಟ್ಟಲೆ ಜನ ಬರಲಿಲ್ಲ. ಅದರ ಬೆನ್ನಿಗೇ ಕೊರೊನಾ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ಕಾಫಿ ಹೂ ಅರಳಿಸುವ ಹೂಮಳೆ ಬಂದು ತೋಟವೆಲ್ಲ ಬೆಳ್ಳಗೆ ಘಮಘಮಿಸುತ್ತಿತ್ತು, ನೋಡಲು ನಾವಿಬ್ಬರೇ. ರಿಸರ್ವ್ ಬ್ಯಾಂಕ್ ಕಂತುಗಳಿಗೆ ಆಗಸ್ಟ್ ಕೊನೆಯವರೆಗೆ ವಿರಾಮ ಕೊಟ್ಟಿತು. ಬಡ್ಡಿ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿತ್ತು. ಮಳೆಗಾಲ ಕಳೆಯುತ್ತಲೇ ಬಂದವರು ಹೊಸ ಬಗೆಯ ಜನ. ಎರಡು ರಾತ್ರಿಗಲ್ಲ, ತಿಂಗಳಿಗೆ. ಲ್ಯಾಪ್‌ಟಾಪ್ ಹಿಡಿದುಕೊಂಡು, ಅಕ್ಕಿ ರೊಟ್ಟಿ ತಿಂದು, ಸಿಗ್ನಲ್ ಹುಡುಕಿಕೊಂಡು ಕಣದ ಮೂಲೆಗೆ ಓಡುವವರು. ಒಬ್ಬ ಹುಡುಗ ಕಾಫಿ ಒಣಗಿಸುವ ಕಣದಲ್ಲೇ ಛತ್ರಿ ನೆಟ್ಟು ಮೇಜು ಹಾಕಿ ಅಮೆರಿಕದವರೊಂದಿಗೆ ಮಾತನಾಡುತ್ತಿದ್ದ. ಕೆಲಸದವರು ಅವನ ಸುತ್ತ ಕಾಫಿ ಕೆದರುತ್ತಿದ್ದರು. ತಿಂಗಳ ಬಾಡಿಗೆ ದಿನದ ದರದ ಲೆಕ್ಕದಲ್ಲಿ ಅರ್ಧವೂ ಬೀಳುತ್ತಿರಲಿಲ್ಲ. ಆದರೂ ಆ ವರ್ಷ ಬ್ಯಾಂಕಿನ ಎದುರು ನಮ್ಮ ಮಾನ ಉಳಿಸಿದವರು ಅವರೇ.

ಈಗ ಈಚಿನ ಮೂರು ವರ್ಷಗಳ ವಿಷಯ. ಇದು ಎಲ್ಲಕ್ಕಿಂತ ವಿಚಿತ್ರ.

ಐಟಿಯಲ್ಲಿ ಹೊಸ ನೇಮಕ ಕಡಿಮೆಯಾಗಿದೆ, ಇದ್ದವರಿಗೂ ಭಯ. ಬರುವವರ ಮಾತಿನಲ್ಲೇ ಗೊತ್ತಾಗುತ್ತದೆ. ಊಟದ ನಡುವೆ ಫೋನು ಬಂದರೆ ತಟ್ಟೆ ಬಿಟ್ಟು ಅಂಗಳಕ್ಕೆ ಹೋಗುತ್ತಾರೆ. ಇವರೆಲ್ಲ ಹಳೆಯ ಚಾಳಿಯಂತೆ ಹತ್ತಿರದ ನಮ್ಮಲ್ಲಿಗೆ ಬರಬೇಕಿತ್ತು. ಒಂದು ಪಾಲು ಬರುತ್ತಿದ್ದಾರೆ, ನಿಜ. ಇನ್ನೊಂದು ಪಾಲು ಹೋಗುತ್ತಿರುವುದು ಥಾಯ್ಲೆಂಡಿಗೆ ಮತ್ತು, ಹೌದು, ವಿಯೆಟ್ನಾಮಿಗೆ. 2023ರ ನವೆಂಬರ್‌ನಿಂದ ಥಾಯ್ಲೆಂಡ್ ನಮ್ಮವರಿಗೆ ವೀಸಾ ಬೇಡವೆಂದಿತು. ವಿಯೆಟ್ನಾಮಿನ ವೀಸಾ ಮನೆಯಲ್ಲೇ ಕೂತು ಪಡೆಯಬಹುದು. ಪ್ರತಿ ವರ್ಷ ಬರುತ್ತಿದ್ದ ಕುಟುಂಬವೊಂದು ಹನೋಯ್‌ನ ಬೀದಿ ಅಂಗಡಿಯಿಂದ ಮೊಟ್ಟೆ ಹಾಕಿದ ಕಾಫಿಯ ಚಿತ್ರ ಕಳಿಸಿ, “ಆಂಟಿ, ನಿಮ್ಮ ಬೆಲ್ಲದ ಕಾಫಿ ನೆನಪಾಯಿತು” ಎಂದು ಬರೆದಿತ್ತು. ವಾರಾಂತ್ಯಕ್ಕೆ ಇಲ್ಲಿನ ದೊಡ್ಡ ರೆಸಾರ್ಟ್‌ಗಳು ಹೇಳುವ ದರ ಕೇಳಿದರೆ ಅವರ ತಪ್ಪೇನೂ ಕಾಣುವುದಿಲ್ಲ. ಮಲೆನಾಡಿನವರು ನಾವು ‘ಹತ್ತಿರ’ ಎಂಬುದನ್ನೇ ಬಂಡವಾಳ ಮಾಡಿಕೊಂಡಿದ್ದೆವು. ವಿಮಾನದ ಟಿಕೆಟ್ ಅಗ್ಗವಾದರೆ ಆ ಬಂಡವಾಳ ಕರಗುತ್ತದೆ ಎಂದು ಯಾರಿಗೆ ಹೊಳೆದಿತ್ತು!

ಇತ್ತ ಚಾರ್ಮಾಡಿ ಘಾಟಿಯ ಮೇಲಿರುವ ಕೊಟ್ಟಿಗೆಹಾರದಲ್ಲಿ ನಿಂತು ನೋಡಿದರೆ ಬೇರೆಯೇ ಪ್ರಪಂಚ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಹೊರನಾಡು, ಕಳಸ, ಶೃಂಗೇರಿ, ಘಾಟಿ ಇಳಿದರೆ ಧರ್ಮಸ್ಥಳ. ಬಯಲುಸೀಮೆಯ ಊರುಗಳಿಂದ ಹೆಂಗಸರ ಗುಂಪುಗಳು ಬುತ್ತಿ ಕಟ್ಟಿಕೊಂಡು ಹೊರಟವು. ಇವರು ನಮ್ಮ ಹೋಂಸ್ಟೇಗೆ ಬರುವವರಲ್ಲ. ಅನ್ನ ದೇವಸ್ಥಾನದಲ್ಲಿ, ರಾತ್ರಿ ಛತ್ರದಲ್ಲಿ ಅಥವಾ ಬಸ್ಸಿನಲ್ಲೇ. ಆದರೆ ಬಸ್ ನಿಲ್ದಾಣದ ನೀರುದೋಸೆ, ಚಹಾ, ಹೂವು, ಬಳೆ, ಮಕ್ಕಳಿಗೊಂದು ಪ್ಲಾಸ್ಟಿಕ್ ಜೀಪು ಎಂದು ಹತ್ತು, ಇಪ್ಪತ್ತು, ಐವತ್ತು ಖರ್ಚು ಮಾಡುತ್ತಾರೆ. ಹೋಂಸ್ಟೇ ಮಾಲೀಕರ ಗುಂಪಿನಲ್ಲಿ ‘ಈ ಜನದಿಂದ ಪ್ರವಾಸೋದ್ಯಮಕ್ಕೇನು ಲಾಭ’ ಎಂದು ಒಬ್ಬರು ಬರೆದಿದ್ದರು. ನಿಲ್ದಾಣದ ಹೂವಿನವಳನ್ನು ಕೇಳಬೇಕು ಅವರು.

ನಮ್ಮ ತೋಟದಲ್ಲಿ ಇಪ್ಪತ್ತು ವರ್ಷದಿಂದ ಇರುವ ಹೆಂಗಸೊಬ್ಬಳು ಜೊತೆಯವರೊಂದಿಗೆ ಸುಬ್ರಹ್ಮಣ್ಯಕ್ಕೆ ಹೋಗಿ ಬಂದಳು. ಘಾಟಿಯ ಜಲಪಾತಗಳನ್ನು ಅವಳು ಬಸ್ಸಿನ ಕಿಟಕಿಯಿಂದ ನೋಡಿದ್ದು ಅದೇ ಮೊದಲು. “ಅಮ್ಮಾ, ಇದನ್ನು ನೋಡಲಿಕ್ಕೇ ಏನು ಆ ಬೆಂಗಳೂರಿನವರು ಬರುವುದು?” ಎಂದು ಕೇಳಿದಳು, ಸ್ವಲ್ಪ ಬೇಸರದಿಂದಲೇ. ತೋಟದ ಕೆಲಸದವರ ಲೈನ್ ಮನೆಯಲ್ಲಿರುವ ಅಸ್ಸಾಮಿನ ಹೆಂಗಸರಿಗೆ ಈ ಸೌಕರ್ಯವಿಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಅವರು ಟಿಕೆಟ್ ಕೊಂಡು ಮೂಡಿಗೆರೆ ಸಂತೆಗೆ ಹೋಗಿ ಬರುತ್ತಾರೆ.

ಮೂರನೆಯ ಗುಂಪು ಬೆಳಗಿನ ಜಾವದವರು. ಬೆಂಗಳೂರಿನಿಂದ ರಾತ್ರಿ ಹೊರಟು, ಬೆಳಕು ಹರಿಯುವಾಗ ಬೆಟ್ಟ ಹತ್ತಿ, ಮಧ್ಯಾಹ್ನ ಇಳಿದು, ಅದೇ ರಾತ್ರಿ ವಾಪಸ್. ಹಾಸನದವರೆಗಿನ ನಾಲ್ಕು ಪಥದ ರಸ್ತೆ ಇವರನ್ನು ಸೃಷ್ಟಿಸಿತು, ಖಾಲಿ ಜೇಬು ಇವರನ್ನು ಬೆಳೆಸಿತು. ಕೋಣೆ ಬೇಡ, ಊಟ ಬೇಡ, ಮುಖ ತೊಳೆಯಲು ಪೆಟ್ರೋಲ್ ಬಂಕ್ ಸಾಕು. ಕುದುರೆಮುಖ ಚಾರಣಕ್ಕೆ ಅರಣ್ಯ ಇಲಾಖೆ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿ ಆನ್‌ಲೈನ್ ಟಿಕೆಟ್ ಮಾಡಿದ್ದು, ಮುಳ್ಳಯ್ಯನಗಿರಿಗೆ 2025ರ ಸೆಪ್ಟೆಂಬರ್‌ನಿಂದ ವಾಹನಗಳ ಮುಂಗಡ ನೋಂದಣಿ ಬಂದದ್ದು ಇವರ ದಟ್ಟಣೆಗೇ. ನಾನು ಮಿತಿಯ ಪರ. ಆದರೆ ವಾರವಿಡೀ ತೋಟಗಳಿಗೆ ಕೂಲಿಯವರನ್ನು ಸಾಗಿಸಿ ವಾರಾಂತ್ಯ ಈ ಹುಡುಗರನ್ನು ಗುಡ್ಡಕ್ಕೆ ಹತ್ತಿಸುವ ಜೀಪಿನವರಿಗೆ ನನ್ನ ಮೇಲೆ ಸಿಟ್ಟಿದೆ. ಅವರ ಜೀಪುಗಳ ಸಾಲದ ಕಂತು ಕಟ್ಟುವುದು ಆ ಶನಿವಾರ, ಭಾನುವಾರಗಳೇ.

ಇನ್ನು ವಿಯೆಟ್ನಾಮಿನ ಮೂರನೇ ಪ್ರವೇಶ. 2023–24ರಲ್ಲಿ ಅಲ್ಲಿ ಬರ, ಬೆಳೆ ಕಡಿಮೆ. ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ 2024ರ ಸೆಪ್ಟೆಂಬರ್‌ನಲ್ಲಿ ಟನ್ನಿಗೆ 5,000 ಡಾಲರ್ ದಾಟಿತು. ಇಲ್ಲಿ 50 ಕಿಲೋ ರೋಬಸ್ಟಾ ಚೆರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ) ಮೂಟೆ 10,000 ರೂಪಾಯಿಯ ಗಡಿ ಮುಟ್ಟಿದಾಗ ಯಜಮಾನರು ಎರಡು ಸಲ ಫೋನು ಮಾಡಿ ಖಚಿತಪಡಿಸಿಕೊಂಡರು. ಮರುವರ್ಷದ ಮೊದಲಿಗೆ, ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಅರೇಬಿಕಾ ಪಾರ್ಚ್‌ಮೆಂಟ್ 25,000 ದಾಟಿತು. ಯಾವ ದೇಶದ ದೆಸೆಯಿಂದ ನಾವು ಕೋಣೆ ಬಾಡಿಗೆಗೆ ಬಿಟ್ಟೆವೋ ಅದೇ ದೇಶದ ಬರ ಈಗ ‘ಬಾಡಿಗೆ ಯಾಕೆ ಬೇಕು’ ಎಂದು ಕೇಳುವ ಹಾಗೆ ಮಾಡಿತು.

ಪಕ್ಕದ ತೋಟದವರು ಹೋಂಸ್ಟೇ ಫಲಕ ಇಳಿಸಿದರು. ಅತಿಥಿಗಳ ಕೋಣೆಯಲ್ಲಿ ಈಗ ಕಾಫಿ ಮೂಟೆಗಳಿವೆ, ಬೀಗ ಹಾಕಿ. ಕಾಫಿಗೆ ಬೆಲೆ ಬಂದೊಡನೆ ಕಳ್ಳರೂ ಬಂದರು. ರಾತ್ರೋರಾತ್ರಿ ಗಿಡದಿಂದಲೇ ಹಣ್ಣು ಕಿತ್ತೊಯ್ದ, ಕಣದಿಂದ ಮೂಟೆ ಹೊತ್ತೊಯ್ದ ಸುದ್ದಿ ಕೊಯ್ಲಿನ ಕಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು. ನಾವೂ ಕಣಕ್ಕೆ ಕ್ಯಾಮೆರಾ ಹಾಕಿಸಿದೆವು. ಬಂದ ಅತಿಥಿಯೊಬ್ಬರು “ಆಂಟಿ, ಪ್ರಕೃತಿಯ ಮಡಿಲಲ್ಲೂ ಕ್ಯಾಮೆರಾನಾ?” ಎಂದು ಕೇಳಿದರು. ಆ ಮಡಿಲಲ್ಲಿ ನಮ್ಮ ವರ್ಷದ ಗಳಿಕೆ ಒಣಗುತ್ತಿದೆ ಎಂದು ಹೇಳಿದೆ. ಅಪರಿಚಿತರು ತೋಟದಲ್ಲಿ ಅಡ್ಡಾಡುವುದನ್ನೇ ಆಕರ್ಷಣೆಯೆಂದು ಮಾರುತ್ತಿದ್ದ ನಾವು ಈಗ ‘ಸಂಜೆ ಆರರ ನಂತರ ತೋಟಕ್ಕೆ ಇಳಿಯಬಾರದು’ ಎಂದು ಬರೆದು ತೂಗುಹಾಕಿದ್ದೇವೆ.

ಕೋಣೆ ಮುಚ್ಚೋಣ ಎನ್ನುತ್ತಾರೆ ಯಜಮಾನರು. ನಾನು ಒಪ್ಪಿಲ್ಲ. 1994ರ ನಂತರ ಏನಾಯಿತು ಎಂದು ಅವರಿಗೆ ನೆನಪಿಸಿದರೆ ಸುಮ್ಮನಾಗುತ್ತಾರೆ. ಈಗಿನ ಬೆಲೆ ನೋಡಿ ಅಡಿಕೆ ಕಿತ್ತು ರೋಬಸ್ಟಾ ನೆಡುತ್ತಿರುವವರನ್ನು ಕಂಡರೆ ನನಗೆ ಇನ್ನೂ ದಿಗಿಲು. ಹೋಂಸ್ಟೇಯಿಂದ ಬರುವುದು ಈ ವರ್ಷ ಕಾಫಿಯ ಮುಂದೆ ಚಿಲ್ಲರೆ, ಆದರೆ ಅದು ಪ್ರತಿ ವಾರ ಬರುವ ಚಿಲ್ಲರೆ. ಹಾಲು, ಕೋಳಿ, ಬಟ್ಟೆ ಒಗೆಯುವವಳ ಸಂಬಳ, ಅಡುಗೆಗೆ ಜೊತೆಯಾಗುವ ಹುಡುಗಿಯ ತಂಗಿಯ ಕಾಲೇಜಿನ ಶುಲ್ಕ ಎಲ್ಲವೂ ಅದರಿಂದಲೇ ನಡೆಯುತ್ತಿವೆ. ಹಾಗಾಗಿ ತೀರ್ಮಾನ ಹೀಗೆ: ದರ ಏರಿಸುವುದಿಲ್ಲ. ವಾರಾಂತ್ಯಕ್ಕೆ ಒಂದು ರಾತ್ರಿಗಷ್ಟೇ ಕೊಡುವುದಿಲ್ಲ, ಎರಡು ರಾತ್ರಿ ತಂಗಬೇಕು. ವಾರದ ನಡುವೆ ಬರುವ ನಿವೃತ್ತರಿಗೆ ಮತ್ತು ಶಿಕ್ಷಕರಿಗೆ ಕಡಿಮೆ. ಜನವರಿಯಲ್ಲಿ ಕೊಯ್ಲಿನ ಜೋರಿಗೆ ಮುಚ್ಚುತ್ತೇವೆ.

ಬೆಂಗಳೂರಿನಲ್ಲಿ ಕೆಲಸ ಬಿಟ್ಟು (ಅಥವಾ ಕೆಲಸ ಅವನನ್ನು ಬಿಟ್ಟು, ನಾನು ಕೆದಕಿಲ್ಲ) ಊರಿಗೆ ಬಂದಿರುವ ಮಗನದು ಬೇರೆ ಲೆಕ್ಕ. ಹಳೆಯ ಗೋದಾಮಿನಲ್ಲಿ ಎರಡಂತಸ್ತಿನ ಮಂಚಗಳನ್ನು ಹಾಕಿ, ಬೆಳಗಿನ ಜಾವದ ಆ ಹುಡುಗರಿಗೆ ಹಾಸಿಗೆಗೆ ಇಷ್ಟು ಎಂದು ಕೊಟ್ಟರೆ ಶನಿವಾರ ಇಪ್ಪತ್ತು ಜನ ಸಿಗುತ್ತಾರಂತೆ. ಕಾಗದದ ಮೇಲೆ ಬರೆದು ತೋರಿಸಿದ. ಆದಾಯದ ಕಡೆಯ ಅಂಕಿಗಳೆಲ್ಲ ಚೆನ್ನಾಗಿವೆ. ಸ್ನಾನದ ಮನೆ ಎಷ್ಟು ಕಟ್ಟಿಸುತ್ತೀಯ, ಅವುಗಳನ್ನು ಭಾನುವಾರ ಯಾರು ತೊಳೆಯುತ್ತಾರೆ ಎಂದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.